ಹೆಸರು ಹಿಡಿದು ಬೇಡುವುದು

2020ರ ಮೇ ತಿಂಗಳು. ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ನಮ್ಮ ಭಾಗದ ಜನ ಊರಿಗೆ ಮರಳುತ್ತಿದ್ದರು. ಕೊರೊನಾಕ್ಕೆ ದೇಶದಲ್ಲಿ ಮೊದಲು ಬಲಿಯಾದವರು ಕಲಬುರಗಿಯವರೇ ಆಗಿದ್ದರಿಂದ ನಮ್ಮಲ್ಲಿ ಹೆದರಿಕೆ ಹೆಚ್ಚೇ ಇತ್ತು. ಸೇಡಂ ತಾಲ್ಲೂಕಿನ ನಮ್ಮೂರಿಗೆ ಬಂದ 13 ಜನರನ್ನು ಶಾಲೆಯಲ್ಲಿ ಇಟ್ಟರು. ಊರವರು ಶಾಲೆ ಮುಂದಿನ ದಾರಿಯನ್ನೇ ಬಿಟ್ಟು ಹೊಲದ ಬದುವಿನ ಮೇಲೆ ಓಡಾಡತೊಡಗಿದರು. ನಾನೂ ಹಾಗೆಯೇ ಓಡಾಡಿದೆ.

ಅವ್ವ ದಿನಾ ಸಂಜೆ ದೀಪ ಹಚ್ಚಿ ಮೋತಕಪಲ್ಲಿ ಬಲಭೀಮಸೇನನಿಗೆ ಕೈ ಮುಗಿಯುತ್ತಾಳೆ. ಮೊದಲ ದಿನ ಬೇಡಿದ್ದು, ‘ಅವ್ರ ಜಡ್ಡು ನಮ್ ಮನಿಗಿ ಬರೋದು ಬ್ಯಾಡಪ್ಪಾ’ ಎಂದು. ಮೂರ್ನಾಲ್ಕು ದಿನ ಕಳೆದ ಮೇಲೆ, ‘ಅವ್ರಿಗಿ ಆರಾಮ ಮಾಡು’ ಎಂದಳು. ಆಮೇಲೆ ನನ್ನನ್ನು ಕರೆದು ಶಾಲೆಯಲ್ಲಿ ಯಾರ್ಯಾರು ಇದ್ದಾರೆಂದು ಕೇಳಿದಳು. ಯಾಕೆ ಎಂದರೆ, ‘ದೇವ್ರಿಗಿ ಹೆಸ್ರು ಹೇಳ್ಬೇಕಲ್ಲ?’

ಹೆಸರುಗಳು ಸಿಕ್ಕವು. ತಾಂಡಾದ ಗಂಡ-ಹೆಂಡತಿ, ಅವರ ಹಸುಗೂಸು, ಮುಸ್ಲಿಂ ಓಣಿಯ ಅಣ್ಣತಮ್ಮಂದಿರು, ನನ್ನ ಜೊತೆ ಓದಿದವನೊಬ್ಬ. ಎರಡು ದಿನ ಹೆಸರು ಹೇಳಿ ಬೇಡಿದಳು. ಮೂರನೇ ದಿನ ಜೋಳದ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಹೋಗಿ ಶಾಲೆಯ ಕಾಂಪೌಂಡ್ ಮೇಲಿಟ್ಟು ಬಂದಳು.

ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆಂದು ಪತ್ರಿಕೋದ್ಯಮ ಓದಿದ ನಾನು ಬರೆಯಲಾರೆ. ಆದರೆ ಒಬ್ಬರ ಹೆಸರು ಹಿಡಿದು ಬೇಡಿದ ಮೇಲೆ ಅವರಿಗೆ ಬಾಗಿಲು ಹಾಕುವುದು ಕಷ್ಟ ಎಂಬುದನ್ನು ಮಾತ್ರ ಮನೆಯಲ್ಲೇ ಕಂಡೆ.

ನಮ್ಮ ತಾಲ್ಲೂಕಿನಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. ಕಾಗಿಣಾ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗ, ಜನರಿಗೆ ಬಂದ ಆಪತ್ತು ಕಳೆಯಲೆಂದು ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಈತ ಜಿನಸೇನಾಚಾರ್ಯರ ಶಿಷ್ಯ, ಜೈನ ಧರ್ಮಕ್ಕೆ ಒಲಿದವನು. ಆದರೂ ಜನರಿಗಾಗಿ ಬೇಡುವಾಗ ದೇವಿಯ ಮುಂದೆ ನಿಂತ. ಶಾಸನಗಳಲ್ಲಿ ಹೊಗಳಿಕೆ ಇದ್ದೇ ಇರುತ್ತದೆ, ಒಪ್ಪೋಣ. ಆದರೆ ಗೆದ್ದ ಯುದ್ಧಗಳ ಜೊತೆಗೆ ಇದನ್ನೂ ತಾಮ್ರದ ಮೇಲೆ ಕೊರೆಸಬೇಕೆಂದು ಅವರಿಗೆ ಅನ್ನಿಸಿತಲ್ಲ!

ಬೆರಳು ಕೊಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಬೇಡುವವನ ಕೈಯಿಂದಲೂ ಏನಾದರೂ ಹೋಗಬೇಕು, ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಕೈಮುಗಿದ ಚಿತ್ರ ಒತ್ತಲು ನಮಗೇನು ಖರ್ಚು? ಇನ್ನು ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲದಾಗ ‘ಎಲ್ಲಾ ದೇವರಿಗೆ ಬಿಟ್ಟದ್ದು’ ಎನ್ನುವ ಮುಖಂಡರ ಮಾತನ್ನು ಪ್ರಾರ್ಥನೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದು ಜಾರಿಕೊಳ್ಳುವ ದಾರಿ.

ಆ 13 ಜನರಲ್ಲಿ ಒಬ್ಬ ಮನೆಗೆ ಬರಲಿಲ್ಲ. ಕೂಸಿನ ಅಪ್ಪ, ಕಲಬುರಗಿಯಲ್ಲಿ ತೀರಿಕೊಂಡ. ಅವ್ವ ಎರಡು ದಿನ ದೀಪ ಹಚ್ಚಲಿಲ್ಲ. ಅವಳ ನಂಬಿಕೆ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಮೂರನೇ ಸಂಜೆ ಮತ್ತೆ ದೀಪದ ಮುಂದೆ ಕೂತಿದ್ದಳು. ಸತ್ತವನ ಹೆಂಡತಿ ಮತ್ತು ಕೂಸು ಇನ್ನೂ ಶಾಲೆಯಲ್ಲೇ ಇದ್ದರು, ಅವರಿಗಾಗಿ ಬೇಡುವುದು ಬಾಕಿ ಇತ್ತು. ಬೇಡಿದ್ದು ಸಿಗದಿದ್ದರೂ ಅವಳ ಭಕ್ತಿ ಉಳಿದದ್ದು ಹೀಗೆ ಎಂದು ನನ್ನ ಅಂದಾಜು. ಅವಳನ್ನು ಕೇಳಿದರೆ ನಗುತ್ತಾಳೆ.

ಒಂದು ತಿಂಗಳಾದ ಮೇಲೆ, ‘ಓದಿದವ ಅದಿ, ಆ ಹುಡುಗಿದು ವಿಧವಾ ವೇತನದ ಅರ್ಜಿ ಬರ್ದುಕೊಡು’ ಎಂದು ನನಗೆ ಗಂಟುಬಿದ್ದಳು. ಬರೆದುಕೊಟ್ಟೆ. ನಾಡಕಚೇರಿಗೆ ಅವಳೇ ಆ ಹುಡುಗಿಯ ಜೊತೆ ಹೋದಳು, ಕೂಸನ್ನು ತಾನೇ ಎತ್ತಿಕೊಂಡು.