ನೀರಿನ ಲೆಕ್ಕ ಕೊಡದೆ ಭೂಮಿ ಕೇಳಬಹುದೇ?

2025ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆಯು ಐದು ವರ್ಷಗಳಲ್ಲಿ 15 ಬಿಲಿಯನ್ ಡಾಲರ್ ಹೂಡಿ ವಿಶಾಖಪಟ್ಟಣದಲ್ಲಿ ಬೃಹತ್ ಡಾಟಾ ಸೆಂಟರ್ ಸ್ಥಾಪಿಸುವುದಾಗಿ ಘೋಷಿಸಿದಾಗ, ಅದು ಬೆಂಗಳೂರಿನ ಕೈತಪ್ಪಿದ್ದೇಕೆ ಎಂಬುದೇ ಕರ್ನಾಟಕದಲ್ಲಿ ದೊಡ್ಡ ಚರ್ಚೆಯಾಯಿತು. ಆದರೆ ವಿಶಾಖಪಟ್ಟಣದ ಸಮೀಪದ ತರ್ಲುವಾಡದ ರೈತರು ತಮ್ಮ ಜಮೀನಿನ ಕುರಿತು, ಅಲ್ಲಿನ ಮಾನವ ಹಕ್ಕು ಕಾರ್ಯಕರ್ತರು ನೀರು ಮತ್ತು ವಿದ್ಯುತ್ತಿನ ಕುರಿತು ಎತ್ತಿದ ಪ್ರಶ್ನೆಗಳಿಗೆ ಈ ಚರ್ಚೆಯಲ್ಲಿ ಹೆಚ್ಚಿನ ಸ್ಥಾನ ಸಿಗಲಿಲ್ಲ.

ಡಾಟಾ ಸೆಂಟರ್‌ಗಳೇ ಬೇಡವೆಂಬುದು ನಮ್ಮ ವಾದವಲ್ಲ. ನಾವು ಮೊಬೈಲಿನಲ್ಲಿ ಕಳುಹಿಸುವ ಚಿತ್ರ, ಮಾಡುವ ಹಣ ಪಾವತಿ ಎಲ್ಲವೂ ಇಂತಹ ಕೇಂದ್ರಗಳನ್ನೇ ಅವಲಂಬಿಸಿವೆ. ಆದರೆ ಅಲ್ಲಿ ಹಗಲಿರುಳು ದುಡಿಯುವ ಯಂತ್ರಗಳು ಕಾವೇರುತ್ತವೆ. ನೀರನ್ನು ಆವಿಯಾಗಿಸಿ ಅವುಗಳನ್ನು ತಣಿಸಿದರೆ ನೀರಿನ ವೆಚ್ಚ, ನೀರನ್ನು ಉಳಿಸಹೊರಟರೆ ವಿದ್ಯುತ್ತಿನ ವೆಚ್ಚ ಹೆಚ್ಚುತ್ತದೆ. ಐರ್ಲೆಂಡಿನಲ್ಲಿ 2023ರಲ್ಲಿ ಬಳಕೆಯಾದ ವಿದ್ಯುತ್ತಿನ ಶೇ. 21ರಷ್ಟನ್ನು ಈ ಕೇಂದ್ರಗಳೇ ಉಪಯೋಗಿಸಿದ್ದವು.

ಇದಕ್ಕಿಂತಲೂ ಕಳವಳಕಾರಿಯಾದುದು ಗುಟ್ಟು. ಅಮೆರಿಕದ ಒರೆಗಾನ್ ರಾಜ್ಯದ ದಿ ಡ್ಯಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತಿದೆಯೆಂದು ಪತ್ರಿಕೆಯೊಂದು ಕೇಳಿದಾಗ, ಅದು ವ್ಯಾಪಾರ ರಹಸ್ಯವೆಂದು ಸ್ವತಃ ನಗರಾಡಳಿತವೇ ನ್ಯಾಯಾಲಯದ ಮೊರೆಹೋಯಿತು. 2022ರ ಕೊನೆಯಲ್ಲಿ ಲೆಕ್ಕ ಹೊರಬಂದಾಗ, ಹಿಂದಿನ ವರ್ಷ ಪಟ್ಟಣ ಬಳಸಿದ್ದ ನೀರಿನ ನಾಲ್ಕನೇ ಒಂದು ಪಾಲಿಗಿಂತಲೂ ಹೆಚ್ಚು ಆ ಒಂದೇ ಸಂಸ್ಥೆಗೆ ಹೋಗಿತ್ತು. ಊರಿನ ನೀರು ಊರಿನವರಿಗೇ ರಹಸ್ಯವಾಗುವುದಾದರೆ ಅದನ್ನು ಅಭಿವೃದ್ಧಿ ಎಂದು ಕರೆಯುವುದು ಹೇಗೆ?

2024ರ ಬೇಸಿಗೆಯಲ್ಲಿ ಬೆಂಗಳೂರಿಗರು ಟ್ಯಾಂಕರ್‌ಗಳ ಮುಂದೆ ಕೊಡ ಹಿಡಿದು ನಿಂತದ್ದನ್ನು ಮರೆಯುವಂತಿಲ್ಲ. ಏರೋಸ್ಪೇಸ್ ಪಾರ್ಕಿಗಾಗಿ ದೇವನಹಳ್ಳಿ ತಾಲೂಕಿನ 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳುವ ಪ್ರಸ್ತಾಪವನ್ನು, ರೈತರ ಮೂರು ವರ್ಷಕ್ಕೂ ಮಿಕ್ಕಿದ ಹೋರಾಟದ ಬಳಿಕ ರಾಜ್ಯ ಸರಕಾರ 2025ರ ಜುಲೈಯಲ್ಲಿ ಕೈಬಿಟ್ಟಿತು. ಮೊದಲೇ ಜನರ ಮಾತು ಕೇಳಿದ್ದರೆ ಅವರು ಇಷ್ಟು ಕಾಲ ಬೀದಿಯಲ್ಲಿ ಕೂರಬೇಕಾಗಿರಲಿಲ್ಲ.

ಆದ್ದರಿಂದ, ಡಾಟಾ ಸೆಂಟರ್ ಯಾವ ಊರಿಗೇ ಬರಲಿ, ಅದು ಬಳಸುವ ನೀರೆಷ್ಟು, ವಿದ್ಯುತ್ತೆಷ್ಟು, ಕಾಮಗಾರಿ ಮುಗಿದ ಮೇಲೆ ಉಳಿಯುವ ಖಾಯಂ ಉದ್ಯೋಗಗಳೆಷ್ಟು, ಸರಕಾರ ನೀಡುವ ರಿಯಾಯಿತಿಯೆಷ್ಟು ಎಂಬ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಮಂಡಿಸಬೇಕು. ಭೂಮಿಯ ಅಳತೆ ಆರಂಭವಾಗಬೇಕಾದುದು ಆ ಬಳಿಕವೇ. ಹೂಡಿಕೆಯನ್ನು ಸ್ವಾಗತಿಸುವ ಸರಕಾರಕ್ಕೆ ಪ್ರಜೆಗಳ ಪ್ರಶ್ನೆಯನ್ನೂ ಸ್ವಾಗತಿಸುವ ಹೊಣೆಯಿದೆ.