‘ಆಗದು’ ಎಂಬ ಮಾತಿನ ಪರೀಕ್ಷೆ: ಪ್ಯಾಟ್ ಸಮಿಟ್ ಮತ್ತು ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್

ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯವು 2025ರ ಜನವರಿಯಲ್ಲಿ ತನ್ನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾದ ಡಾನ್ ಸ್ಟೇಲಿ ಅವರಿಗೆ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ವೇತನವನ್ನು ಗೊತ್ತುಪಡಿಸಿತು. ಅದಕ್ಕೆ ಸರಿಯಾಗಿ ಅರ್ಧ ಶತಮಾನದ ಹಿಂದೆ, 1974ರಲ್ಲಿ, ಟೆನೆಸಿ ವಿಶ್ವವಿದ್ಯಾಲಯದಲ್ಲಿ ಅದೇ ಹುದ್ದೆಗೆ ಬಂದ 22 ವರ್ಷದ ಯುವತಿಗೆ ದೊರೆಯುತ್ತಿದ್ದುದು ತಿಂಗಳಿಗೆ 250 ಡಾಲರ್. ತಂಡದ ವ್ಯಾನನ್ನು ಓಡಿಸುವುದೂ ಆಟಗಾರ್ತಿಯರ ಸಮವಸ್ತ್ರಗಳನ್ನು ಒಗೆಯುವುದೂ ಆಕೆಯದೇ ಕೆಲಸ. ಆ ಸಮವಸ್ತ್ರಗಳಾದರೂ ಡೋನಟ್ ಮಾರಿ ಕೂಡಿಸಿದ ಹಣದಿಂದ ಕೊಂಡವು. ಆಕೆಯ ಹೆಸರು ಪ್ಯಾಟ್ ಹೆಡ್. ಮದುವೆಯ ನಂತರ ಲೋಕಕ್ಕೆ ಪರಿಚಿತವಾದ ಹೆಸರು ಪ್ಯಾಟ್ ಸಮಿಟ್.

ಈ ಎರಡು ವೇತನಗಳ ನಡುವಿನ ದೂರವನ್ನು ಕಾಲವೇ ತಾನಾಗಿ ಕ್ರಮಿಸಿತೆಂದು ತಿಳಿಯುವುದು ಸುಲಭ. ಆದರೆ ಹೆಣ್ಣುಮಕ್ಕಳ ಆಟಕ್ಕೆ ಸಂಬಂಧಿಸಿದಂತೆ ‘ಇದು ಆಗದು’ ಎಂಬ ಮಾತನ್ನು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಅಧಿಕಾರಸ್ಥರು ಆಡುತ್ತ ಬಂದಿದ್ದಾರೆ. ಮೊದಲು ಶರೀರದ ಹೆಸರಿನಲ್ಲಿ. ಈಗ ಮಾರುಕಟ್ಟೆಯ ಹೆಸರಿನಲ್ಲಿ. ಸಮಿಟ್ ಅವರ 38 ವರ್ಷಗಳ ವೃತ್ತಿಜೀವನವನ್ನು, ಅದರ ಕೊನೆಯ ಋತುವನ್ನೂ ಸೇರಿಸಿಕೊಂಡು, ಪರೀಕ್ಷೆಗೆ ಒಳಪಡದ ಇಂಥ ಮಾತುಗಳನ್ನು ಒಂದೊಂದಾಗಿ ಪರೀಕ್ಷೆಗೆ ತಂದ ಚರಿತ್ರೆಯೆಂದು ಓದಬಹುದು. ಮೂರು ದಶಕಗಳಿಂದ ವೈದ್ಯವೃತ್ತಿಯಲ್ಲಿರುವ ನನಗೆ ಆ ಓದೇ ಹೆಚ್ಚು ಪ್ರಯೋಜನಕರವಾಗಿ ಕಂಡಿದೆ.

ಅರ್ಧ ಅಂಕಣದ ಆಟ

ಸಮಿಟ್ ಹುಟ್ಟಿದ್ದು 1952ರಲ್ಲಿ, ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಅಲ್ಲಿನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವಿಲ್ಲವೆಂಬ ಕಾರಣಕ್ಕೆ ರೈತಾಪಿ ಕುಟುಂಬವೇ ಹತ್ತಿರದ ಹೆನ್ರಿಯೆಟಾ ಎಂಬ ಊರಿಗೆ ವಾಸ ಬದಲಿಸಿತು. ಅಂದಿನ ಟೆನೆಸಿ ಶಾಲೆಗಳಲ್ಲಿ ಹುಡುಗಿಯರು ಆಡುತ್ತಿದ್ದ ಬಾಸ್ಕೆಟ್‌ಬಾಲ್ ನಾವು ಬಲ್ಲ ಆಟವಲ್ಲ. ತಂಡಕ್ಕೆ ಆರು ಜನ. ಮೂವರು ಅಂಕಣದ ಒಂದು ಅರ್ಧದಲ್ಲಿ ನಿಂತು ಬುಟ್ಟಿಗೆ ಚೆಂಡು ಹಾಕಬೇಕು, ಉಳಿದ ಮೂವರು ಇನ್ನೊಂದು ಅರ್ಧದಲ್ಲಿ ತಡೆಯಬೇಕು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ತಡೆಯುವ ಹುಡುಗಿ ಶಾಲಾ ಜೀವನವಿಡೀ ಪಂದ್ಯದಲ್ಲಿ ಒಮ್ಮೆಯೂ ಬುಟ್ಟಿಗೆ ಗುರಿಯಿಡದೆ ಹೊರಬೀಳಬಹುದಿತ್ತು.

ಈ ನಿಯಮದ ಬೇರು ಇದ್ದುದು ಹೆಣ್ಣಿನ ಶರೀರ ಪೂರ್ಣ ಅಂಕಣದ ಓಟವನ್ನು ತಾಳಲಾರದೆಂಬ ನಂಬಿಕೆಯಲ್ಲಿ. ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ನನ್ನ ವೃತ್ತಿಯ ಹಿರಿಯರೂ ಇದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದ ಮೇಲೆ, ಓಡಿದವರು ಬಳಲಿದರೆಂಬ ಕಾರಣ ಮುಂದೊಡ್ಡಿ ಆ ಸ್ಪರ್ಧೆಯನ್ನೇ ಕೈಬಿಡಲಾಯಿತು; ಅದು ಮರಳಿದ್ದು 1960ರ ರೋಮ್‌ನಲ್ಲಿ. ಹೃದಯ, ಶ್ವಾಸಕೋಶ, ಸ್ನಾಯುಗಳು ಅಭ್ಯಾಸಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆಂಬುದು ಶರೀರಕ್ರಿಯಾಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಓಡಲು ಬಿಡದವರನ್ನು ಓಡಲಾರರೆಂದು ಘೋಷಿಸುವುದು ರೋಗಿಯನ್ನು ನೋಡದೆಯೇ ರೋಗನಿರ್ಣಯ ಬರೆದಂತೆ.

ಟೆನೆಸಿಯ ಒಬ್ಬ ಶಾಲಾ ಆಟಗಾರ್ತಿ 1976ರಲ್ಲಿ ಈ ನಿಯಮದ ವಿರುದ್ಧ ಫೆಡರಲ್ ನ್ಯಾಯಾಲಯದ ಮೊರೆ ಹೊಕ್ಕಳು. ಕೆಳ ನ್ಯಾಯಾಲಯದಲ್ಲಿ ಗೆದ್ದು ಮೇಲ್ಮನವಿಯಲ್ಲಿ ಸೋತಳು. ಆದರೂ 1979ರಲ್ಲಿ ರಾಜ್ಯದ ಶಾಲೆಗಳು ಐವರ ಪೂರ್ಣ ಅಂಕಣದ ಆಟಕ್ಕೆ ಬದಲಾದವು. ಸಮಿಟ್ ಬಹಿರಂಗವಾಗಿ ಆ ಬದಲಾವಣೆಯ ಪರ ನಿಂತವರು. ಅವರ ಸ್ವಂತ ಶರೀರವೂ ಒಂದು ಸಾಕ್ಷ್ಯವಾಗಿತ್ತು. ಕಾಲೇಜಿನ ಕೊನೆಯ ವರ್ಷದಲ್ಲಿ ಮಂಡಿಯ ಎಸಿಎಲ್ ಹರಿದಿತ್ತು; ಅಂದಿನ ಶಸ್ತ್ರಚಿಕಿತ್ಸೆಯ ಮಟ್ಟದಲ್ಲಿ ಅದು ಬಹುತೇಕ ಆಟಗಾರರ ಪಾಲಿಗೆ ವೃತ್ತಿಯ ಅಂತ್ಯ. ಅವರು ಹಗಲು ತರಬೇತಿ ನೀಡುತ್ತ, ಸ್ನಾತಕೋತ್ತರ ತರಗತಿಗಳಿಗೆ ಹಾಜರಾಗುತ್ತ, ಮಂಡಿಯನ್ನು ಪಳಗಿಸುತ್ತ 1976ರಲ್ಲಿ ಮಾಂಟ್ರಿಯಲ್‌ಗೆ ಹೋದರು. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಅಮೆರಿಕ ತಂಡಕ್ಕೆ ಬೆಳ್ಳಿ ಬಂತು. 1984ರಲ್ಲಿ ಅವರ ತರಬೇತಿಯ ತಂಡ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದಿತು.

ಗೆಲುವಿನ ಹಿಂದಿನ ಶಿಸ್ತು

ಅಂಕಿಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1098 ಗೆಲುವು, 208 ಸೋಲು. ಎನ್‌ಸಿಎಎ ರಾಷ್ಟ್ರೀಯ ಪ್ರಶಸ್ತಿ 8 ಬಾರಿ, 1987ರಿಂದ 2008ರವರೆಗೆ. 1997–98ರ ಋತುವಿನಲ್ಲಿ 39 ಪಂದ್ಯಗಳಲ್ಲಿ 39 ಗೆಲುವು. ಗೆಲುವಿಗಿಂತ ಸೋಲು ಹೆಚ್ಚಾದ ಋತು 38ರಲ್ಲಿ ಒಂದೂ ಇಲ್ಲ. ಈ ದಾಖಲೆಗಳಲ್ಲಿ ಕೆಲವನ್ನು ಮುಂದೆ ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್‌ವೀರ್, ಕನೆಕ್ಟಿಕಟ್‌ನ ಜೀನೊ ಔರಿಯೆಮ್ಮ ಮುರಿದಿದ್ದಾರೆ. ದಾಖಲೆಗಳು ಇರುವುದೇ ಮುರಿಯಲಿಕ್ಕೆ.

ಮುರಿಯಲು ಹೆಚ್ಚು ಕಷ್ಟವಾದುದು ಇನ್ನೊಂದು. ಟೆನೆಸಿಯಲ್ಲಿ ತಮ್ಮ ಆಟದ ಅರ್ಹತಾ ಅವಧಿಯನ್ನು ಪೂರ್ಣಗೊಳಿಸಿದ ಸಮಿಟ್ ಅವರ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ಇದಕ್ಕೆ ಅವರು ಅನುಸರಿಸಿದ ಕ್ರಮ ಸರಳ, ಆದರೆ ಕಠಿಣ. ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲೇ ಕೂರಬೇಕು. ಕಾರಣವಿಲ್ಲದೆ ಗೈರುಹಾಜರಾದರೆ ಆಟವಿಲ್ಲ. ಆಟಗಾರ್ತಿಯನ್ನು ಎದುರು ನಿಲ್ಲಿಸಿ ದಿಟ್ಟಿಸುವ ಅವರ ನೋಟ ಅಮೆರಿಕದ ಕ್ರೀಡಾಲೋಕದಲ್ಲೇ ಪ್ರಸಿದ್ಧ. ಅಂಥ ಕಾಠಿಣ್ಯಕ್ಕೆ ಬೆಲೆ ತೆತ್ತವರೂ ಇದ್ದಾರೆ. ಎಲ್ಲರಿಗೂ ಅದು ಒಗ್ಗಲಿಲ್ಲ, ನಡುವೆ ಬಿಟ್ಟು ಹೋದವರಿದ್ದಾರೆ. ಪದವಿಯ ಲೆಕ್ಕವನ್ನು ಓದುವಾಗ ಈ ಮಾತನ್ನೂ ನೆನಪಿಡಬೇಕು.

ಆದರೆ ಟಮಿಕಾ ಕ್ಯಾಚಿಂಗ್ಸ್ ಅವರ ಪ್ರಕರಣ ಆ ಕಾಠಿಣ್ಯದ ಒಳಗಿದ್ದ ಕಾಳಜಿಯನ್ನು ತೋರಿಸುತ್ತದೆ. ಹುಟ್ಟಿನಿಂದ ಶ್ರವಣದೋಷವಿದ್ದ ಕ್ಯಾಚಿಂಗ್ಸ್, ಸಹಪಾಠಿಗಳ ಅಪಹಾಸ್ಯಕ್ಕೆ ಬೇಸತ್ತು ಬಾಲ್ಯದಲ್ಲೇ ಶ್ರವಣಯಂತ್ರವನ್ನು ತೊರೆದಿದ್ದರು. ತುಟಿಯ ಚಲನೆ ನೋಡಿಯೇ ಮಾತು ಗ್ರಹಿಸುತ್ತ ದೇಶದ ಶ್ರೇಷ್ಠ ಶಾಲಾ ಆಟಗಾರ್ತಿಯರಲ್ಲಿ ಒಬ್ಬರಾಗಿ ಬೆಳೆದಿದ್ದರು. ಮತ್ತೆ ಯಂತ್ರ ಧರಿಸುವಂತೆ ಅವರ ಮನವೊಲಿಸಿದವರು ಸಮಿಟ್. ಮುಂದೆ ಅವರು ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು. ಶ್ರವಣಯಂತ್ರವನ್ನು ಮೇಜಿನ ಖಾನೆಯಲ್ಲಿಟ್ಟು ಮರೆಯುವ ರೋಗಿಗಳನ್ನು ನಿತ್ಯ ಕಾಣುವ ನನಗೆ, ಆ ಮನವೊಲಿಕೆ ಯಾವುದೇ ಪ್ರಶಸ್ತಿಗಿಂತ ಕಿರಿದೆನಿಸುವುದಿಲ್ಲ. ಕೊರತೆಯನ್ನು ಮುಚ್ಚಿಟ್ಟು ಗೆದ್ದವಳಿಗೆ, ಅದನ್ನು ತೋರಿಸಿಕೊಂಡರೆ ಇನ್ನೂ ಚೆನ್ನಾಗಿ ಆಡಬಲ್ಲೆ ಎಂದು ನಂಬಿಸುವುದು ಸಣ್ಣ ಕೆಲಸವಲ್ಲ.

ಕೊನೆಯ ಋತು

ಆ ಪಾಠವನ್ನು ಅವರು ತಮಗೇ ಅನ್ವಯಿಸಿಕೊಳ್ಳಬೇಕಾದ ಕಾಲ ಬಂತು. ಸಭೆಯ ವೇಳೆ ಮರೆಯತೊಡಗಿತು. ಪಂದ್ಯದ ನಡುವೆ ಹೇಳಬೇಕಾದ ತಂತ್ರ ನಾಲಗೆಗೆ ಬಾರದಾಯಿತು. ರುಮಟಾಯ್ಡ್ ಸಂಧಿವಾತಕ್ಕೆ ತೆಗೆದುಕೊಳ್ಳುತ್ತಿದ್ದ ಔಷಧಿಗಳೇ ಕಾರಣವಿರಬಹುದೆಂದು ಮೊದಲು ಭಾವಿಸಿದ್ದರು. 2011ರ ಮೇ ತಿಂಗಳಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಅಲ್ಝೈಮರ್ ಮಾದರಿಯ ಅಕಾಲಿಕ ಡಿಮೆನ್ಶಿಯಾ ಎಂದು ನಿರ್ಣಯಿಸಿದರು. ಅದೇ ಆಗಸ್ಟ್‌ನಲ್ಲಿ, 59ನೆಯ ವಯಸ್ಸಿನಲ್ಲಿ, ಅವರು ಅದನ್ನು ಬಹಿರಂಗಪಡಿಸಿದರು. ಜೊತೆಗೆ, ಆ ವರ್ಷವೂ ತರಬೇತಿ ನೀಡುವುದಾಗಿ ಹೇಳಿದರು.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳಿಕೊಂಡು ಬೆಳೆದವರು ನಾವು. ಆ ಗಾದೆಯಲ್ಲಿ ಸಹಾನುಭೂತಿಯಿದೆ, ಆದರೆ ಎರಡು ತಪ್ಪುಗಳೂ ಇವೆ. ವಯಸ್ಸಾದ ಮಾತ್ರಕ್ಕೆ ಡಿಮೆನ್ಶಿಯಾ ಬರುವುದಿಲ್ಲ, ಅದೊಂದು ಕಾಯಿಲೆ. ಮತ್ತು ಕಾಯಿಲೆ ಬಂದ ದಿನವೇ ಮನುಷ್ಯನ ಸಾಮರ್ಥ್ಯವೆಲ್ಲ ಅಳಿಸಿಹೋಗುವುದಿಲ್ಲ. ಆರಂಭದ ಹಂತದಲ್ಲಿ ಹೊಸ ನೆನಪು, ಏಕಕಾಲಕ್ಕೆ ಹಲವು ಸಂಗತಿಗಳ ನಿರ್ವಹಣೆ ಸೊರಗುತ್ತವೆ. ದೀರ್ಘಕಾಲದ ಅಭ್ಯಾಸದಿಂದ ಬೇರೂರಿದ ಕೌಶಲ, ಮನುಷ್ಯರನ್ನು ಅಳೆಯುವ ವಿವೇಕ ಎಷ್ಟೋ ಕಾಲ ಉಳಿಯಬಲ್ಲವು. 2011–12ರ ಋತುವಿನಲ್ಲಿ ಟೆನೆಸಿ ಮಾಡಿದ ಏರ್ಪಾಡು ಇದಕ್ಕೆ ಹೊಂದುವಂತಿತ್ತು. ಪಂದ್ಯದ ವೇಳೆಯ ಕ್ಷಿಪ್ರ ನಿರ್ಧಾರಗಳ ಹೊಣೆಯನ್ನು ದೀರ್ಘಕಾಲದ ಸಹಾಯಕಿ ಹಾಲಿ ವಾರ್ಲಿಕ್ ಮತ್ತು ಇತರರು ವಹಿಸಿಕೊಂಡರು; ಸಮಿಟ್ ಅಭ್ಯಾಸದಲ್ಲಿ, ಬೆಂಚಿನಲ್ಲಿ, ಆಟಗಾರ್ತಿಯರ ಜೊತೆಗಿನ ಮಾತಿನಲ್ಲಿ ಉಳಿದರು. ಆ ತಂಡ 27 ಪಂದ್ಯ ಗೆದ್ದು, 9 ಸೋತು, ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟರ ಘಟ್ಟದವರೆಗೆ ಹೋಯಿತು. ಅಲ್ಲಿ ಅದನ್ನು ಸೋಲಿಸಿದ ಬೇಲರ್ ತಂಡ ಆ ವರ್ಷ ಒಂದೂ ಪಂದ್ಯ ಸೋಲಲಿಲ್ಲ.

2012ರ ಏಪ್ರಿಲ್‌ನಲ್ಲಿ ಅವರು ಹುದ್ದೆಯಿಂದ ಇಳಿದು ವಾರ್ಲಿಕ್ ಅವರಿಗೆ ದಾರಿ ಬಿಟ್ಟರು. 2016ರ ಜೂನ್ 28ರಂದು, 64ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸ್ಥಾಪಿಸಿದ ಪ್ರತಿಷ್ಠಾನದ ನೆರವಿನಿಂದ ನಾಕ್ಸ್‌ವಿಲ್‌ನಲ್ಲಿ ಅಲ್ಝೈಮರ್ ಚಿಕಿತ್ಸಾಲಯವೊಂದು ನಡೆಯುತ್ತಿದೆ.

ಹೀಗೆ ಬೇಗ ಹೇಳಿಕೊಳ್ಳುವುದಕ್ಕೆ ಇಂದು 2011ಕ್ಕಿಂತ ಹೆಚ್ಚಿನ ವೈದ್ಯಕೀಯ ಕಾರಣವಿದೆ. ಅಂದು ನಮ್ಮ ಕೈಯಲ್ಲಿದ್ದುದು ಲಕ್ಷಣಗಳನ್ನು ತುಸು ತಗ್ಗಿಸುವ ಔಷಧಿಗಳು ಮಾತ್ರ. 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದವು. ಅವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಮಿದುಳಿನ ಊತ ಮತ್ತು ರಕ್ತಸ್ರಾವದ ಅಪಾಯವನ್ನೂ ಒಡ್ಡುತ್ತವೆ. ಆದರೆ ಅವನ್ನು ಕೊಡಬಹುದಾದದ್ದು ಆರಂಭದ ಹಂತದಲ್ಲಿ ಮಾತ್ರ. ರೋಗನಿರ್ಣಯಕ್ಕೆ ನೆರವಾಗುವ ಮೊದಲ ರಕ್ತಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅನುಮತಿ ದೊರೆಯಿತು. ಹೊರದೇಶಗಳಲ್ಲಿರುವ ನಮ್ಮ ಕುಟುಂಬಗಳಲ್ಲಿ ತಂದೆತಾಯಿಯರ ಮರೆವನ್ನು, ಕೆಲವೊಮ್ಮೆ ನಮ್ಮದೇ ಮರೆವನ್ನು, ‘ನಾಲ್ಕು ಜನಕ್ಕೆ ತಿಳಿದರೆ ಏನೆಂದಾರು’ ಎಂದು ಮುಚ್ಚಿಡುವ ಅಭ್ಯಾಸ ಇನ್ನೂ ಬಲವಾಗಿದೆ. ಹಾಗೆ ಕಳೆದ ಎರಡು ಮೂರು ವರ್ಷಗಳು ಚಿಕಿತ್ಸೆಯ ಬಾಗಿಲನ್ನೇ ಮುಚ್ಚಿಬಿಡಬಹುದು.

ಇಂದಿನ ‘ಆಗದು’

ಶರೀರದ ಮೇಲಿನ ಆರೋಪ ಬಿದ್ದುಹೋಯಿತು. ಅದರ ಜಾಗಕ್ಕೆ ಬಂದಿರುವುದು ‘ಹೆಂಗಸರ ಆಟ ಹಣ ತರುವುದಿಲ್ಲ’ ಎಂಬ ಮಾತು. ಇದೂ ಬಹುಕಾಲ ಪರೀಕ್ಷೆಗೆ ಒಳಪಡದೆ ಉಳಿದಿತ್ತು. 2021ರಲ್ಲಿ ಸ್ಯಾನ್ ಆಂಟೋನಿಯೊದ ಮಹಿಳಾ ಪಂದ್ಯಾವಳಿಯಲ್ಲಿ ಆಟಗಾರ್ತಿಯರಿಗೆ ಒದಗಿಸಿದ್ದ ವ್ಯಾಯಾಮದ ಸಲಕರಣೆಗಳು ಎಷ್ಟು ಅಲ್ಪವೆಂಬುದನ್ನು ಒರೆಗನ್ ತಂಡದ ಸೆಡೋನಾ ಪ್ರಿನ್ಸ್ ಒಂದು ಕಿರು ವಿಡಿಯೊದಲ್ಲಿ ತೋರಿಸಿದರು. ಅದರಿಂದೆದ್ದ ಗದ್ದಲಕ್ಕೆ ಎನ್‌ಸಿಎಎ ಬಾಹ್ಯ ವಿಚಾರಣೆಯೊಂದನ್ನು ನಡೆಸಬೇಕಾಯಿತು. ಮಹಿಳಾ ಪಂದ್ಯಾವಳಿಯ ಪ್ರಸಾರ ಹಕ್ಕು 2025ರ ಹೊತ್ತಿಗೆ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬೆಲೆ ಬಾಳಬಹುದೆಂದು ಆ ವರದಿ ಅಂದಾಜು ಮಾಡಿತು. ಅಲ್ಲಿಯವರೆಗೆ ಅದನ್ನು ಇತರ ಹತ್ತಾರು ಕ್ರೀಡೆಗಳ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ ಮಾರಲಾಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲೈನಾ ಮತ್ತು ಅಯೋವಾ ನಡುವಣ ಅಂತಿಮ ಪಂದ್ಯವನ್ನು ಸರಾಸರಿ 1.89 ಕೋಟಿ ಜನ ನೋಡಿದರು. ಅದೇ ವರ್ಷ ಪುರುಷರ ಅಂತಿಮ ಪಂದ್ಯಕ್ಕೆ 1.48 ಕೋಟಿ.

ಹೊಸ ಪ್ರಸಾರ ಒಪ್ಪಂದವೂ ಮಹಿಳಾ ಪಂದ್ಯಾವಳಿಯನ್ನು ಅದೇ ಗಂಟಿನಲ್ಲೇ ಇಟ್ಟಿದೆ. ಅದರೊಳಗೆ ಈ ಪಂದ್ಯಾವಳಿಗೆ ಕಟ್ಟಿರುವ ಮೌಲ್ಯ ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್, ವರದಿಯ ಕೆಳಗಣ ಅಂದಾಜಿಗಿಂತಲೂ ಕಡಿಮೆ. ಪಂದ್ಯಾವಳಿಯ ಗೆಲುವಿಗೆ ಹಣದ ಪಾಲು ಪುರುಷರ ತಂಡಗಳಿಗೆ ದಶಕಗಳಿಂದ ಸಿಗುತ್ತಿತ್ತು. ಮಹಿಳೆಯರ ತಂಡಗಳಿಗೆ ಅದು ಆರಂಭವಾದದ್ದು 2025ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಅನುಮೋದನೆಗೊಂಡ ನ್ಯಾಯಾಲಯದ ರಾಜಿಯಂತೆ, ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾಪಟುಗಳಿಗೆ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಅದರ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್ ಪಾಲಾಗುತ್ತಿದೆ. ಈ ಹಂಚಿಕೆಗೂ ಟೈಟಲ್ ನೈನ್ ಕಾಯ್ದೆ ಅನ್ವಯಿಸುತ್ತದೆಂದು 2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಹೊರಡಿಸಿದ್ದ ಮಾರ್ಗಸೂಚಿಯನ್ನು ಮುಂದಿನ ತಿಂಗಳೇ ಹೊಸ ಆಡಳಿತ ಹಿಂತೆಗೆದುಕೊಂಡಿತು.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಲಿಂಗಭೇದವನ್ನು ನಿಷೇಧಿಸಿದ ಟೈಟಲ್ ನೈನ್ ಜಾರಿಗೆ ಬಂದ 1972ರಲ್ಲಿ ಕಾಲೇಜು ಮಹಿಳಾ ತಂಡಗಳ ತರಬೇತುದಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮಹಿಳೆಯರೇ. ಹುದ್ದೆಗೆ ಸಂಬಳ, ಗೌರವ ಬಂದಂತೆಲ್ಲ ಪುರುಷರು ಬಂದರು. ಇಂದು ಎಲ್ಲ ಕ್ರೀಡೆಗಳನ್ನೂ ಸೇರಿಸಿ ನೋಡಿದರೆ ಮಹಿಳೆಯರ ಪಾಲು ಅರ್ಧಕ್ಕಿಂತ ಕಡಿಮೆ. ಡೋನಟ್ ಮಾರಿ ಕಟ್ಟಿದ ಮನೆಗೆ ಗೃಹಪ್ರವೇಶದ ಹೊತ್ತಿಗೆ ಯಜಮಾನರು ಬದಲಾದರು. ಜೊತೆಗೆ, ಆಟಗಾರರು ವರ್ಷವರ್ಷವೂ ವಿಶ್ವವಿದ್ಯಾಲಯ ಬದಲಿಸಬಹುದಾದ ಇಂದಿನ ವ್ಯವಸ್ಥೆ ಅವರಿಗೆ ನ್ಯಾಯವಾದ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ನಾಲ್ಕು ವರ್ಷ ಒಂದೆಡೆ ನಿಂತು ಪದವಿ ಮುಗಿಸುವ ಸಮಿಟ್ ಪದ್ಧತಿಗೆ ಅದರಲ್ಲಿ ಜಾಗ ಕಿರಿದಾಗಿದೆ.

ಈ ದೇಶದ ಶಾಲೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಪೂರ್ಣ ಅಂಕಣದಲ್ಲಿ ಓಡುವುದನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. ಅದು ಕಾನೂನಿನಿಂದ, ಮೊಕದ್ದಮೆಯಿಂದ, ಹಟದಿಂದ ದೊರೆತದ್ದು; ಅಲಕ್ಷ್ಯದಿಂದ ಕೈತಪ್ಪಲೂಬಹುದು. ಶಾಲಾ ಮಂಡಳಿಯ ಸಭೆಯಲ್ಲಿ ಹುಡುಗಿಯರ ತಂಡಕ್ಕೆ ಹಣವಿಲ್ಲವೆಂಬ ಮಾತು ಬಂದಾಗ, ಆ ಲೆಕ್ಕವನ್ನು ಯಾರು, ಯಾವಾಗ, ಹೇಗೆ ಮಾಡಿದರೆಂದು ಎದ್ದು ಕೇಳುವ ಪೋಷಕರು ನಮ್ಮಲ್ಲಿಯೂ ಇರಬೇಕು.