ಬಡವನ ಮಾತಿಗೆ ಬೆಲೆಯಿಲ್ಲವೇ?

‘ಪೆರೋಲ್’ ಎಂಬ ಶಬ್ದ ನಮ್ಮ ಜನರ ಕಿವಿಗೆ ಬೀಳುವುದು ಬಹುಮಟ್ಟಿಗೆ ಯಾವನೋ ದೊಡ್ಡ ಕುಳ ಸೆರೆಮನೆಯಿಂದ ಹೊರಬಂದಾಗ. ಅದರಿಂದಾಗಿ ಅದು ಉಳ್ಳವರ ಸವಲತ್ತೆಂಬ ಭಾವನೆ ಬೇರೂರಿದೆ. ಆದರೆ ಆ ಫ್ರೆಂಚ್ ಶಬ್ದದ ಅರ್ಥ ‘ಮಾತು’, ಕೊಟ್ಟ ಭಾಷೆ. ಯುದ್ಧದಲ್ಲಿ ಸೆರೆಸಿಕ್ಕವನು ಮತ್ತೆ ಆಯುಧ ಹಿಡಿಯೆನೆಂದು ಭಾಷೆಯಿತ್ತರೆ ಅವನನ್ನು ಬಿಡುವ ರೂಢಿಯಿತ್ತು. 1840ರಲ್ಲಿ ನಾರ್ಫೋಕ್ ದ್ವೀಪದ ಸೆರೆವಸಾಹತಿಗೆ ಅಧಿಕಾರಿಯಾಗಿ ಬಂದ ಅಲೆಕ್ಸಾಂಡರ್ ಮೆಕಾನಕಿ, ಕೈದಿಯ ದುಡಿಮೆಗೂ ನಡತೆಗೂ ಅಂಕ ಕೊಟ್ಟು, ಅಂಕ ಕೂಡಿದಂತೆ ಬಿಡುಗಡೆ ಸಮೀಪಿಸುವ ಪದ್ಧತಿ ತಂದನು. ಮನುಷ್ಯ ತಿದ್ದಿಕೊಳ್ಳಬಲ್ಲನೆಂಬ ನಂಬಿಕೆಯೇ ಅದರ ತಳಹದಿ.

ಅಮೆರಿಕದಂಥ ದೇಶಗಳಲ್ಲಿ ಪೆರೋಲೆಂದರೆ ಅವಧಿಗೆ ಮುನ್ನ ಬಿಟ್ಟು, ಉಳಿದ ಕಾಲ ಅಧಿಕಾರಿಯ ಕಣ್ಗಾವಲಿನಲ್ಲಿ ಇಡುವುದು. ನಮ್ಮಲ್ಲಿ ಅದು ಸಾವು, ಕಾಯಿಲೆ, ಮದುವೆಗಳಂಥ ಕಾರಣಕ್ಕೆ ಕೊಡುವ ಕೆಲದಿನಗಳ ಬಿಡುವು. ಪೋಲೀಸರ ವರದಿ ಬರಬೇಕು. ಸಾಮಾನ್ಯವಾಗಿ ಜಾಮೀನುದಾರರು ನಿಲ್ಲಬೇಕು. ಇಲ್ಲಿಯೇ ಮಾತಿನ ಬೆಲೆ ಮುಗಿದು ಆಸ್ತಿಯ ಬೆಲೆ ಆರಂಭವಾಗುತ್ತದೆ. ಗಿರಣಿಯ ಕೂಲಿಗಾರನಿಗೆ ಆಸ್ತಿವಂತ ನೆಂಟರೆಲ್ಲಿಯವರು?

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಲಾಯಿತು. ಸೋದರ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿದರು. ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರರು ಅದನ್ನು ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಅದು ಪೆರೋಲಲ್ಲ, ಜಾಮೀನು ನಿಜ. ಆದರೆ ನ್ಯಾಯ ಎರಡಕ್ಕೂ ಒಂದೇ.

ಹೊರಬಂದವನ ಬಾಳಾದರೂ ಹಸನೇ? ಪಾಳಿಯ ಹೊತ್ತಿಗೇ ಠಾಣೆಯಲ್ಲಿ ಹಾಜರಿಯಿದ್ದರೆ ಅವನು ಕೂಲಿ ಬಿಡಬೇಕೇ, ಷರತ್ತು ಮುರಿಯಬೇಕೇ? ಅಂಗಡಿಯ ಮುಂದೆ ಪೋಲೀಸ್ ಟೋಪಿ ದಿನವೂ ಕಂಡರೆ ಗಿರಾಕಿ ಬಂದಾನೆಯೇ? ಉತ್ತರ ಪ್ರದೇಶದ ಖರಕ್ ಸಿಂಗನನ್ನು 1941ರಲ್ಲಿ ಡಕಾಯಿತಿಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟರು. ಆಮೇಲೂ ಪೋಲೀಸರು ರಾತ್ರಿಹೊತ್ತು ಅವನ ಬಾಗಿಲು ಬಡಿಯುತ್ತಿದ್ದರು. ಆ ರಾತ್ರಿಭೇಟಿಗಳನ್ನು 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಜಾಮೀನಿನ ಮೇಲಿರುವವನು ತಾನೆಲ್ಲಿದ್ದೇನೆಂದು ಸದಾ ಮೊಬೈಲಿನ ಮೂಲಕ ಪೋಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರ ಜುಲೈಯಲ್ಲಿ ಅದೇ ನ್ಯಾಯಾಲಯ ಹೇಳಿತು. ಬಡಿಯುವ ಕೋಲು ಬದಲಾಗಿದೆ. ಬಡಿಯುವ ಚಟ ಬದಲಾಗಿಲ್ಲ.

ಅನ್ಯಾಯಕ್ಕೀಡಾದವರ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಹೋದವನು ಹಿಂದಿರುಗದ ಪ್ರಸಂಗಗಳೂ ಉಂಟು. ಮಾತು ತಪ್ಪಿದವನನ್ನು ಶಿಕ್ಷಿಸಲಿ. ಮಾತು ಕೊಡುವ ಮೊದಲೇ ಬಡವನನ್ನು ಸುಳ್ಳನೆಂದು ತೀರ್ಮಾನಿಸುವುದು ಯಾವ ನ್ಯಾಯ? ತಪ್ಪಿದನೆಂಬ ಆರೋಪ ಬಂದಾಗಲೂ ವಿಚಾರಿಸದೆ ಪೆರೋಲು ಕಸಿಯಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1972ರಲ್ಲಿಯೇ ವಿಧಿಸಿತು.

ನಾವು ಕೇಳುವುದು ದಯೆಯನ್ನಲ್ಲ. ಆಸ್ತಿಯಿಲ್ಲದವನಿಗೆ ಸ್ವಂತ ಮುಚ್ಚಳಿಕೆ ಸಾಕೆನ್ನಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆದುಕೊಡಿ. ಹಾಜರಿಯ ಹೊತ್ತು ದುಡಿಮೆಯ ಹೊತ್ತನ್ನು ನುಂಗದಿರಲಿ. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ನಮ್ಮ ಪಾಲಿನ ಕೆಲಸವೂ ಒಂದಿದೆ: ಸೆರೆಮನೆಯಿಂದ ಬಂದವನಿಗೆ ಮಗ್ಗದ ಬಳಿ ಜಾಗವನ್ನೂ ಅಂಗಡಿಯಲ್ಲಿ ಕೆಲಸವನ್ನೂ ನಿರಾಕರಿಸುವವರು ನಾವೇ ಆದರೆ, ಸರಕಾರವನ್ನು ದೂರಲು ನಮಗೆ ಬಾಯಿಲ್ಲ.